ತುಂಬಿದ ಬಟ್ಟಲಿನ ಹಸಿವು

(ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ ನಿವೃತ್ತ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಈ ಕಾರ್ಯಕ್ರಮಕ್ಕೆ ಕರೆಯಲು ಫೋನ್ ಮಾಡಿದವರು ನನ್ನನ್ನೊಂದು ಮಾತು ಕೇಳಿದರು. “ಸಿಸ್ಟರ್, ವಿಷಯ ಸ್ವಲ್ಪ ಬದಲಾಯಿಸಬಹುದಾ? ಪೌಷ್ಟಿಕ ಆಹಾರ ಅಂದರೆ ಜನ ಬರಲಿಕ್ಕಿಲ್ಲ. ನಮ್ಮಲ್ಲಿ ಈಗ ಹಸಿವು ಎಲ್ಲಿದೆ? ಶುಗರ್ ಬಗ್ಗೆ ಅಂದರೆ ಹಾಲ್ ತುಂಬುತ್ತದೆ.” ಆಯಿತು, ಶುಗರ್ ಬಗ್ಗೆಯೇ ಮಾತಾಡುತ್ತೇನೆ, ಆದರೆ ಹಸಿವಿನಿಂದ ಶುರು ಮಾಡುತ್ತೇನೆ ಅಂದೆ. ಅವರು ನಕ್ಕು ಫೋನ್ ಇಟ್ಟರು. ಹಾಲ್ ತುಂಬಿದೆ, ಅವರ ಲೆಕ್ಕ ಸರಿ. ನನ್ನ ಲೆಕ್ಕ ಸರಿಯೋ ಅಂತ ನೀವು ಕೇಳಿ ಹೇಳಿ.

ಮೊದಲು ಈ ಪಟ್ಟಿ ನೋಡಿ. ಕೈಯಿಂದ ಕೈಗೆ ದಾಟಿಸಿ. ದರ್ಜಿಯ ಟೇಪಿನ ಹಾಗೆ ಕಾಣುತ್ತದೆ, ಆದರೆ ಮೂರು ಬಣ್ಣ ಇದೆ. ಆರು ತಿಂಗಳಿಂದ ಐದು ವರ್ಷದ ಒಳಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಇದನ್ನು ಸುತ್ತುತ್ತೇವೆ. ತೋಳಿನ ಸುತ್ತಳತೆ 12.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹಸಿರು. 11.5ರಿಂದ 12.5ರ ನಡುವೆ ಹಳದಿ. 11.5ಕ್ಕಿಂತ ಕಡಿಮೆ ಕೆಂಪು. ಕೆಂಪು ಅಂದರೆ ಆ ಮಗುವಿಗೆ ಸಾಮಾನ್ಯ ಜ್ವರ, ಸಾಮಾನ್ಯ ಭೇದಿ ಕೂಡ ಪ್ರಾಣಕ್ಕೆ ಬರಬಹುದು. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ. ಅದರೊಳಗೆ ಸಲೀಸಾಗಿ ಹೋಗಿ ಬರುವಂಥ ತೋಳು. ನನ್ನ ಸರ್ವೀಸಿನಲ್ಲಿ ಕೆಂಪು ನೋಡಿದ್ದು ಕಡಿಮೆ. ಹಳದಿ ನೋಡಿದ್ದು ಬಹಳ. ಹಳದಿ ಮಕ್ಕಳು ನಗುತ್ತವೆ, ಆಡುತ್ತವೆ, ಮದುವೆ ಮನೆಗೆ ಹೊಸ ಅಂಗಿ ಹಾಕಿಕೊಂಡು ಬರುತ್ತವೆ. “ಸಪೂರ, ಅವನ ಅಪ್ಪನ ಹಾಗೆ” ಅಂತ ಮನೆಯವರು ಹೇಳುತ್ತಾರೆ. ಅಪ್ಪ ಯಾಕೆ ಸಪೂರ ಅಂತ ಯಾರೂ ಕೇಳುವುದಿಲ್ಲ.

ಕೇರಳದಲ್ಲಿ ಹಸಿವು ಇಲ್ಲ ಅನ್ನುವ ಮಾತಿಗೆ ಆಧಾರ ಇಲ್ಲದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ದೇಶದಲ್ಲಿ ಶೇ. 35.5. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅಷ್ಟೇ, 35.4. ಕೇರಳದಲ್ಲಿ 23.4. ಚೆನ್ನಾಗಿದೆ ಅಲ್ವಾ? ಆದರೆ ಅದರ ಹಿಂದಿನ ಸಮೀಕ್ಷೆಯಲ್ಲಿ ಇದೇ ಕೇರಳದ ಲೆಕ್ಕ 19.7 ಇತ್ತು. ಇಳಿಯಬೇಕಾದದ್ದು ಏರಿದೆ. ಇನ್ನೊಂದು ಲೆಕ್ಕ ಕೇಳಿ. ಕೇರಳದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 36 ಜನರಿಗೆ ರಕ್ತ ಕಡಿಮೆ. ಅದೇ ನೂರರಲ್ಲಿ 38 ಜನರಿಗೆ ತೂಕ ಜಾಸ್ತಿ. ಈ ಎರಡೂ ಒಂದೇ ಮನೆಯಲ್ಲಿರುವುದನ್ನು ನಾನು ನೋಡಿದ್ದೇನೆ. ಒಬ್ಬಳೇ ಹೆಂಗಸಿನಲ್ಲಿ ಇರುವುದನ್ನೂ ನೋಡಿದ್ದೇನೆ. ಮೈ ತುಂಬಿಕೊಂಡಿದೆ, ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ ಕಾಗದ.

ಹಳೆ ಹಸಿವು ಹೀಗೆ ಇರಲಿಲ್ಲ. ಇಲ್ಲಿ ತಲೆ ನರೆತವರು ಸುಮಾರು ಜನ ಇದ್ದೀರಿ, ಆಟಿ ತಿಂಗಳು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹೊರಗೆ ಬಿಡದ ಮಳೆ. ಕೂಲಿ ಇಲ್ಲ. ಬತ್ತ ತುಂಬಿಡುವ ಪತ್ತಾಯ ಖಾಲಿ. ಹೊಸ ಬತ್ತ ಬರಲು ಇನ್ನೂ ಎರಡು ತಿಂಗಳು. ಮಲಯಾಳದವರು ಅದನ್ನೇ ಕರ್ಕಾಟಕ ಅನ್ನುತ್ತಾರೆ, ಅವರಿಗೂ ಅದು ಬರಗಾಲದ ತಿಂಗಳೇ. ನನ್ನ ಅಜ್ಜಿ ಬೇಸಿಗೆಯಲ್ಲೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಗೆ ತುಂಬುತ್ತಿದ್ದರು. ಹಲಸಿನ ಬೇಳೆಯನ್ನು ಉಪ್ಪು ನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡುತ್ತಿದ್ದರು. ಆಟಿಯಲ್ಲಿ ಅದೇ ಊಟ. ಜೊತೆಗೆ ಗುಡ್ಡದಿಂದ ತಂದ ತಜಂಕಿನ ಸೊಪ್ಪು, ಕೆಸು, ಕಣಿಲೆ, ಅಂಗಳದ ಒಂದೆಲಗ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿದಾಗ ನನಗೆ ಅಜ್ಜಿಯ ಭರಣಿ ನೆನಪಾಯಿತು. ನಮ್ಮನ್ನು ಸಾಕಿದ್ದಕ್ಕೆ ತಡವಾಗಿ ಬಂದ ಸನ್ಮಾನ.

ಆದರೆ ಹಳೆಯದನ್ನು ಸುಮ್ನೆ ಹೊಗಳಲು ನನಗೆ ಇಷ್ಟ ಇಲ್ಲ. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. “ಆಗ ಎಷ್ಟು ಒಳ್ಳೆ ಆಹಾರ ಇತ್ತು” ಅನ್ನುವವರು ಆ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೇಷನ್ ಅಂಗಡಿ ಬಂತು, ಹೊಟ್ಟೆಗೆ ಅನ್ನ ಬಂತು, ಲಸಿಕೆ ಬಂತು, ಮಕ್ಕಳು ಉಳಿದರು. ಇದರಲ್ಲಿ ಎರಡು ಮಾತಿಲ್ಲ. ಈಗ ತೀರಾ ಬಡವರ ಹಳದಿ ರೇಷನ್ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ. ಅವರ ನಂತರದ ಬಡವರು, ಪಿಂಕ್ ಕಾರ್ಡಿನವರಿಗೆ ತಲೆಗೆ 5 ಕಿಲೋ. 2023ರ ಜನವರಿಯಿಂದ ಅದೂ ಪುಕ್ಕಟೆ. ನಾನು ಹೇಳಲು ಬಂದದ್ದು ಇಷ್ಟೇ: ಬಟ್ಟಲು ತುಂಬಿತು, ಆದರೆ ಬಿಳಿಯಾಯಿತು. ಅಕ್ಕಿ ಬಂದ ದಾರಿಯಲ್ಲೇ ಸೊಪ್ಪು, ಬೇಳೆ, ಮೀನು, ಹಾಲು ಬರಲಿಲ್ಲ. ಇದ್ದದ್ದೂ ಹೋಯಿತು.

ಅಕ್ಕಿಯ ಮಾತು ಬಂದ ಮೇಲೆ ಒಂದು ಕತೆ ಹೇಳಲೇಬೇಕು. ನನಗೆ ಬಹಳ ಇಷ್ಟದ ಕತೆ.

1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಅಂತ ಒಬ್ಬ ಡಚ್ ಡಾಕ್ಟರ್ ಇದ್ದರು. ಆ ಕಾಲಕ್ಕೆ ಬೆರಿಬೆರಿ ಅನ್ನುವ ರೋಗ. ಕಾಲು ಜೋಮು ಹಿಡಿದು, ಊದಿಕೊಂಡು, ಕೊನೆಗೆ ಹೃದಯ ನಿಲ್ಲುತ್ತದೆ. ಕ್ರಿಮಿಯಿಂದ ಬರುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಇವರು ಸಾಕಿದ ಕೋಳಿಗಳಿಗೂ ಅದೇ ತರ ಕಾಲು ಸೋತುಹೋಯಿತು. ಸ್ವಲ್ಪ ದಿನದಲ್ಲಿ ತಾನಾಗಿ ಗುಣವೂ ಆಯಿತು. ವಿಚಾರಿಸಿದರೆ, ನಡುವೆ ಕೆಲವು ತಿಂಗಳು ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ಹಾಕಿದ್ದರಂತೆ. ಹೊಸ ಅಡುಗೆಯವನು ಬಂದವನು ಆಸ್ಪತ್ರೆ ಅನ್ನ ಕೋಳಿಗೆ ಕೊಡುವುದಿಲ್ಲ ಅಂದ. ಮತ್ತೆ ತೌಡು ಇರುವ ಅಕ್ಕಿ ಹಾಕಿದರು, ಕೋಳಿ ಎದ್ದು ನಿಂತವು. ತೌಡಿನಲ್ಲಿದ್ದದ್ದು ಬಿ1 ಜೀವಸತ್ವ ಅಂತ ಗೊತ್ತಾಗಲು ಆಮೇಲೆ ವರ್ಷಗಳೇ ಹಿಡಿದವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಆ ಅಡುಗೆಯವನಿಗೆ ಏನೂ ಬರಲಿಲ್ಲ.

ನಮ್ಮ ಕುಚ್ಚಲಕ್ಕಿಗೂ ಈ ಕತೆಗೂ ಸಂಬಂಧ ಇದೆ. ಬತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಸತ್ವ ಒಂದಿಷ್ಟು ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಎಷ್ಟು ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಹಿಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಜಾಸ್ತಿ ಇದ್ದದ್ದು ಆಂಧ್ರದ ಉತ್ತರ ಕರಾವಳಿಯಲ್ಲಿ. ಅವರದ್ದು ಬೇಯಿಸದ ಬತ್ತದಿಂದ ಮಾಡಿದ ಮಿಲ್ಲಿನ ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿ ತಿನ್ನುವ ಕಡೆ ಆ ರೋಗ ಅಪರೂಪ. ನಮ್ಮ ಹಿರಿಯರಿಗೆ ಬಿ1 ಗೊತ್ತಿರಲಿಲ್ಲ. ಗಂಜಿಗೆ ರುಚಿ, ಗುಡ್ಡ ಹತ್ತುವಾಗ ಹೊಟ್ಟೆಯಲ್ಲಿ ನಿಲ್ಲುತ್ತದೆ, ಅಷ್ಟೇ ಗೊತ್ತಿದ್ದದ್ದು.

ಈ ಬೆರಿಬೆರಿಯ ಕಾರಣ ಹುಡುಕಲು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಒಂದೇ ಕೋಣೆಯಲ್ಲಿ ಒಂದು ಕೆಲಸ ಶುರುವಾಯಿತು. ನಡೆಸಿದವರು ಮೆಕ್ಯಾರಿಸನ್ ಅನ್ನುವ ಡಾಕ್ಟರ್. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಆಗಿದೆ. ಮೆಕ್ಯಾರಿಸನ್ ಒಂದು ತಮಾಷೆಯ ಪ್ರಯೋಗ ಮಾಡಿದರು. ಇಲಿಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಕಡೆಯ ಜನರ ಊಟ ಹಾಕಿದರು. ಸಿಖ್ಖರ ಊಟ, ಪಠಾಣರದ್ದು, ಮರಾಠರದ್ದು, ಗೂರ್ಖರದ್ದು, ಕನ್ನಡಿಗರದ್ದು, ಬಂಗಾಳಿಗಳದ್ದು, ಮದ್ರಾಸಿಗಳದ್ದು. ನಾನು ಈಗ ಹೇಳಿದ ಕ್ರಮದಲ್ಲೇ ಇಲಿಗಳ ತೂಕ ಇಳಿಯುತ್ತಾ ಬಂತು. ಸಿಖ್ಖರ ಇಲಿ ಗಟ್ಟಿಮುಟ್ಟು, ಮದ್ರಾಸಿ ಇಲಿ ಎಲ್ಲಕ್ಕಿಂತ ಬಡಕಲು. ನಾವು ಐದನೆಯವರು. ನಾವು ಅಂತ ಹೇಗೆ ಹೇಳುವುದು, ಆ ಕಾಲಕ್ಕೆ ಕಾಸರಗೋಡು ಮಾತಿನಲ್ಲಿ ಕನ್ನಡ, ಆಡಳಿತದಲ್ಲಿ ಮದ್ರಾಸು. ನಮ್ಮ ಇಲಿ ಯಾವ ಬೋನಿನಲ್ಲಿತ್ತೋ ದೇವರಿಗೇ ಗೊತ್ತು. ಗಡಿಯ ಗಲಾಟೆ ನಮ್ಮನ್ನು ಇಲಿಯವರೆಗೂ ಬಿಡುವುದಿಲ್ಲ.

ತಮಾಷೆ ಇರಲಿ. ಸಿಖ್ಖರ ಬಟ್ಟಲಿನಲ್ಲಿ ತೌಡು ತೆಗೆಯದ ಗೋಧಿ ರೊಟ್ಟಿ, ಹಾಲು-ಮೊಸರು, ಬೇಳೆ, ಸೊಪ್ಪು, ಅಪರೂಪಕ್ಕೆ ಮಾಂಸ. ಕೊನೆಯ ಬಟ್ಟಲಿನಲ್ಲಿ ಬರೀ ಪಾಲಿಶ್ ಅನ್ನ, ಅದರ ಬದಿಗೆ ಒಂಚೂರು ಏನೋ. ಎಲ್ಲ ಇಲಿಗೂ ಹೊಟ್ಟೆ ತುಂಬಾ ಹಾಕಿದ್ದರು. ಯಾವ ಇಲಿಯೂ ಉಪವಾಸ ಇರಲಿಲ್ಲ. ಇದನ್ನು ನೆನಪಿಡಿ.

ಈಗ ಇಲಿ ಬಿಟ್ಟು ಮನುಷ್ಯರ ಕಡೆ ಬರೋಣ. ನಾನು ಕೆಲಸ ಮಾಡುತ್ತಿದ್ದ ಸಬ್‌ಸೆಂಟರಿನ ವ್ಯಾಪ್ತಿಯಲ್ಲಿ ಬೀಡಿ ಕಟ್ಟುವ ಮನೆಗಳು ಜಾಸ್ತಿ. ಅಂಥ ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಎರಡನೇ ಬಸುರು, ಐದು ತಿಂಗಳು. ರಕ್ತ, ಅಂದರೆ ಹಿಮೋಗ್ಲೋಬಿನ್, 7.8. ಬಸುರಿಗೆ ಕಡಿಮೆ ಅಂದರೂ 11 ಇರಬೇಕು. “ಊಟ ಸರಿ ಮಾಡ್ತೀಯಾ?” ಅಂತ ಕೇಳಿದೆ. “ಮೂರು ಹೊತ್ತೂ ಮಾಡ್ತೇನೆ ಸಿಸ್ಟರ್” ಅಂದಳು. ಸುಳ್ಳು ಹೇಳಲಿಲ್ಲ. ಬೆಳಗ್ಗೆ ತೆಳ್ಳವು, ಚಾ. ಮಧ್ಯಾಹ್ನ ಗಂಜಿ, ಮೆಣಸಿನ ಚಟ್ನಿ, ಮೇಲೊಂದು ಚಾ. ರಾತ್ರಿ ಅನ್ನ, ಸಾರು. ನಡುನಡುವೆ ಬೀಡಿ ಸುತ್ತುವಾಗ ನಿದ್ದೆ ಬಾರದಿರಲಿ ಅಂತ ಕಪ್ಪು ಚಾ. ಚಾದಲ್ಲಿರುವ ಒಗರು ಊಟದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಚಾಕ್ಕೂ ನಡುವೆ ಒಂದು ಗಂಟೆ ಬಿಡಿ ಅಂತ ನಾವು ಹೇಳುವುದು ಅದಕ್ಕೇ. ಅದೇ ಊಟದ ಜೊತೆ ಒಂದು ತುಂಡು ಲಿಂಬೆ, ಒಂದು ನೆಲ್ಲಿಕಾಯಿ, ಅಂಗಳದ ಒಂದು ಪೇರಳೆ ತಿಂದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

“ಕಬ್ಬಿಣದ ಮಾತ್ರೆ ಕೊಟ್ಟಿದ್ದರಲ್ಲ?” ಅಂತ ಕೇಳಿದೆ. ಎದ್ದು ಹೋಗಿ ಅಟ್ಟದಿಂದ ಒಂದು ಬಿಸ್ಕೆಟ್ ಡಬ್ಬಿ ತಂದಳು. ಮೊದಲ ಬಸುರಿನ ಮಾತ್ರೆಯೂ ಅದರಲ್ಲಿತ್ತು! ತಿಂದರೆ ವಾಕರಿಕೆ, ಕಕ್ಕಸು ಕಪ್ಪಗೆ ಹೋಗುತ್ತದೆ, ಹೆದರಿಕೆ ಆಯಿತು ಅಂದಳು. ಕಪ್ಪಗೆ ಹೋಗುವುದು ಸಹಜ, ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ತಿಂದರೆ ವಾಕರಿಕೆ ಕಡಿಮೆ ಅಂತ ಯಾರೂ ಹೇಳಿರಲಿಲ್ಲವಾ? ಹೇಳಿದ್ದರು, ಚೀಟಿಯಲ್ಲಿ. ಚೀಟಿ ಇದ್ದದ್ದು ಮಲಯಾಳದಲ್ಲಿ. ಅವಳ ಮನೆಮಾತು ತುಳು, ಕಲಿತದ್ದು ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸಿನವರೆಗೆ. ಭಾಷೆಯ ಬಗ್ಗೆ ನಾವು ಇಲ್ಲಿ ಬಹಳ ಭಾಷಣ ಕೇಳಿದ್ದೇವೆ, ಶಾಲೆ, ಬೋರ್ಡು, ಪಿಎಸ್‌ಸಿ ಪರೀಕ್ಷೆ ಅಂತ. ಭಾಷೆ ರಕ್ತಕ್ಕೂ ಬರುತ್ತದೆ ಅಂತ ನನಗೆ ಗೊತ್ತಾದದ್ದು ಆ ಬಿಸ್ಕೆಟ್ ಡಬ್ಬಿ ನೋಡಿದ ದಿನ. ಆಮೇಲೆ ನಾನು ಅಂಗನವಾಡಿ ಟೀಚರ ಹತ್ತಿರ ಕನ್ನಡದಲ್ಲಿ ಬರೆಸಿ, ಜೆರಾಕ್ಸ್ ಮಾಡಿಸಿ ಹಂಚಿದೆ. ನೂರು ಪ್ರತಿಗೆ ಆದ ಖರ್ಚು ಒಂದು ಬಿರಿಯಾನಿಯಷ್ಟು.

ರಕ್ತ ಕಡಿಮೆ ಆಗಲು ನಮ್ಮ ಕಡೆ ಇನ್ನೊಂದು ಕಾರಣ ಕೊಕ್ಕೆಹುಳು. ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ದಿನವೂ ಸ್ವಲ್ಪ ಸ್ವಲ್ಪ ರಕ್ತ ಕುಡಿಯುತ್ತದೆ. ಅಡಿಕೆ ತೋಟ, ಮಳೆಗಾಲ, ಬರಿಗಾಲು. ಇದಕ್ಕಿಂತ ಹೆಚ್ಚು ಹೇಳಬೇಕಾ? ಶಾಲೆಯಲ್ಲಿ ಕೊಡುವ ಹುಳದ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಹೊರಗೆ ಎಸೆಯದ ಹಾಗೆ ನೋಡಿಕೊಳ್ಳಿ.

ಈಗ ಶುಗರಿಗೆ ಬರುತ್ತೇನೆ. ಫೋನ್ ಮಾಡಿದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಅಂತ ಜನ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಬರೆದ ನರ್ಸುಗಳಿಗೆ ಇದು ಒಂದು ದಿನ ಇಡೀ ಜಗತ್ತಿಗೆ ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ. ನಾನೂ ರಿಜಿಸ್ಟರ್ ಬರೆದು ಬರೆದು ಬೆರಳು ಸವೆಸಿದವಳು, ಹಾಗಾಗಿ ಈ ಕತೆ ಹೇಳುವಾಗ ಸ್ವಲ್ಪ ಹೆಮ್ಮೆ. 1990ರ ದಶಕದಲ್ಲಿ ಸಂಶೋಧಕರು ಆ ಹಳೆ ಪುಸ್ತಕ ಹಿಡಿದುಕೊಂಡು, ಅಲ್ಲಿ ಹುಟ್ಟಿ ಈಗ ನಡುವಯಸ್ಸಿಗೆ ಬಂದವರನ್ನು ಮೈಸೂರಿನಲ್ಲಿ ಮನೆ ಮನೆಗೆ ಹೋಗಿ ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3.

ಅಂದರೆ ಏನಾಯಿತು? ಹೊಟ್ಟೆಯೊಳಗಿನ ಮಗುವಿಗೆ ಸಾಕಷ್ಟು ಸಿಗದಿದ್ದರೆ ಅದು ಉಳಿಯುವ ದಾರಿ ನೋಡುತ್ತದೆ. ಮಿದುಳಿಗೆ ಮೊದಲು ಕೊಡುತ್ತದೆ. ಮಾಂಸಖಂಡ, ಮೂತ್ರಪಿಂಡ, ಶುಗರನ್ನು ಹತೋಟಿಯಲ್ಲಿಡುವ ಮೇದೋಜೀರಕ ಗ್ರಂಥಿ, ಇವಕ್ಕೆ ಕೈ ಬಿಗಿ ಹಿಡಿಯುತ್ತದೆ. ಹೊರಗೆ ಬರ ಇದೆ, ಸಿಕ್ಕಿದ್ದನ್ನು ಕೊಬ್ಬು ಮಾಡಿ ಇಟ್ಟುಕೋ ಅಂತ ಮೈ ಆಗಲೇ ಕಲಿತುಬಿಡುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಅವರ ತಂಡ ಇದನ್ನು ಅಳೆದು ನೋಡಿತು. ಅಲ್ಲಿನ ಹಳ್ಳಿಯ ಮಕ್ಕಳು ಹುಟ್ಟುವಾಗ ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5. ಆದರೆ ನಮ್ಮ ಸಪೂರ ಮಕ್ಕಳ ಚರ್ಮದ ಕೆಳಗಿನ ಕೊಬ್ಬು ಅಷ್ಟೇನೂ ಕಡಿಮೆ ಇರಲಿಲ್ಲ, ಕಡಿಮೆ ಇದ್ದದ್ದು ಮಾಂಸ. ಸಪೂರ, ಆದರೂ ಕೊಬ್ಬು. ಈ ಮಗು ಹೊರಗೆ ಬಂದು, ಮೂರು ಹೊತ್ತು ಅನ್ನ, ಸಂಜೆ ಬೇಕರಿ, ರಾತ್ರಿ ಪರೋಟ ತಿಂದರೆ? ಬರಕ್ಕೆ ತಯಾರಾದ ಮೈಗೆ ಪ್ರವಾಹ ಬಂದ ಹಾಗೆ. ನಲವತ್ತರಲ್ಲಿ ಶುಗರ್, ಐವತ್ತರಲ್ಲಿ ಹಾರ್ಟ್. ಆಗ ನಾವು ಅನ್ನುತ್ತೇವೆ, ತಿಂದು ತಿಂದು ಬಂತು ಅಂತ. ಅರ್ಧ ಮಾತ್ರ ಸರಿ. ಇನ್ನರ್ಧ ಅವನ ಅಮ್ಮ ಬಸುರಿನಲ್ಲಿ ತಿನ್ನದೆ ಬಂದದ್ದು. ಆಟಿಯ ಹಸಿವಿನ ಬಿಲ್ಲು ಮಂಗಳೂರಿನ ಹೃದಯದ ಆಸ್ಪತ್ರೆಗೆ ಬರುತ್ತದೆ, ಐವತ್ತು ವರ್ಷ ತಡವಾಗಿ, ಬೇರೆ ಹೆಸರಿನಲ್ಲಿ.

ಹಾಗಾದರೆ ಬಟ್ಟಲು ಬಿಳಿಯಾದದ್ದು ಯಾಕೆ? ಜನರಿಗೆ ತಿಳುವಳಿಕೆ ಇಲ್ಲ ಅಂತ ಆಫೀಸಿನ ಮೀಟಿಂಗುಗಳಲ್ಲಿ ಹೇಳುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ತಜಂಕಿನ ಸೊಪ್ಪು ಒಳ್ಳೆಯದು ಅಂತ ಆ ಬೀಡಿ ಕಟ್ಟುವ ಹೆಂಗಸಿಗೆ ಗೊತ್ತಿಲ್ಲವಾ? ಅವಳಿಗೆ ಸೊಪ್ಪು ಕೊಯ್ಯಲು ಗುಡ್ಡ ಇಲ್ಲ, ಗುಡ್ಡಕ್ಕೆ ಹೋಗಲು ಹೊತ್ತಿಲ್ಲ. ಒಂದು ತಾಸು ಸೊಪ್ಪಿಗೆ ಹೋದರೆ ಅಷ್ಟು ಬೀಡಿ ಕಡಿಮೆ, ಅಷ್ಟು ದುಡ್ಡು ಕಡಿಮೆ. ಗದ್ದೆ ಇದ್ದ ಜಾಗದಲ್ಲಿ ಅಡಿಕೆ ಬಂತು. ಗದ್ದೆ ಅಂದರೆ ಬರೀ ಅಕ್ಕಿ ಆಗಿರಲಿಲ್ಲ. ಕೊಯ್ಲಾದ ಮೇಲೆ ಉದ್ದು, ಹೆಸರು, ಸುಗ್ಗಿಗೆ ಸೌತೆ, ಹರಿವೆ. ತೋಡಿನಲ್ಲಿ ಮೀನು, ಏಡಿ. ಅಡಿಕೆ ದುಡ್ಡು ಕೊಡುತ್ತದೆ, ಒಪ್ಪಿದೆ, ನನ್ನ ಮಕ್ಕಳೂ ಓದಿದ್ದು ಅಡಿಕೆಯಲ್ಲೇ. ಆದರೆ ಆ ದುಡ್ಡು ತೋಟದ ಯಜಮಾನನಿಗೆ. ಗದ್ದೆಯ ಬದಿಯಲ್ಲಿ ಸೊಪ್ಪು ಕೊಯ್ಯುತ್ತಿದ್ದವಳಿಗೆ ಅಡಿಕೆ ಸುಲಿಯುವ ಕೂಲಿ ಮಾತ್ರ.

ಮೀನಿನ ವಿಷಯವೂ ಹೀಗೇ. ಬೂತಾಯಿ ಅಂದರೆ ಬಡವರ ಮಾಂಸ. ಒಳ್ಳೆ ಕೊಬ್ಬು, ಸುಣ್ಣದ ಅಂಶ, ಡಿ ಜೀವಸತ್ವ, ಎಲ್ಲ ಇರುವ ಮೀನು. ಕುಂಬಳೆ, ಉಪ್ಪಳದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸರು ಮಳೆಗಾಲದ ಕೊನೆಗೆ ಲೆಕ್ಕ ಇಲ್ಲದೆ ಹಾಕಿ ಹೋಗುತ್ತಿದ್ದರು. ಕೇರಳ ಕರಾವಳಿಯಲ್ಲಿ 2012ರಲ್ಲಿ ಹಿಡಿದ ಬೂತಾಯಿ 4 ಲಕ್ಷ ಟನ್ನಿನ ಹತ್ತಿರ. 2021ರಲ್ಲಿ ಅದು ಸುಮಾರು 3,300 ಟನ್ನಿಗೆ ಇಳಿಯಿತು. ಲಕ್ಷದಿಂದ ಸಾವಿರಕ್ಕೆ. ಆಮೇಲೆ ಒಂದಿಷ್ಟು ಚೇತರಿಸಿದೆ, ಆದರೆ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಬೂತಾಯಿ ವಾಪಸ್ ಬರಲಿ ಅಂತ ಬೆಳೆಯದೆ ಕಾದು ಕೂರುವುದಿಲ್ಲವಲ್ಲ. ಮನುಷ್ಯನಿಗೆ ಮೊದಲ ಸಾವಿರ ದಿನ ಬಹಳ ಮುಖ್ಯ ಅನ್ನುತ್ತಾರೆ. ಬಸುರಿನ 270 ದಿನ, ಆಮೇಲಿನ ಎರಡು ವರ್ಷದ 730. ಆ ಸಾವಿರದಲ್ಲಿ ಕುಗ್ಗಿದ ಎತ್ತರ ಆಮೇಲೆ ಏನು ತಿನ್ನಿಸಿದರೂ ಪೂರ್ತಿ ವಾಪಸ್ ಬರುವುದು ಕಷ್ಟ.

ಕೊರಗ ಬುಡಕಟ್ಟಿನವರ ಮನೆಗಳಿಗೆ ನಾನು ವರ್ಷಗಟ್ಟಲೆ ಹೋಗಿದ್ದೇನೆ. ಕಾಡಿನ ಬೀಳು, ಅಂದರೆ ಬಳ್ಳಿ, ತಂದು ಬುಟ್ಟಿ ಹೆಣೆಯುವ ಜನ. ಕಾಡಿನಿಂದಲೇ ಗೆಣಸು, ಜೇನು, ಸೊಪ್ಪು ಬರುತ್ತಿತ್ತು. ಕಾಡಿಗೆ ಬೇಲಿ ಬಂತು, ಪ್ಲಾಸ್ಟಿಕ್ ಬುಟ್ಟಿ ಬಂತು. ಬೀಳೂ ಹೋಯಿತು, ಬುಟ್ಟಿಯ ದುಡ್ಡೂ ಹೋಯಿತು, ಗೆಣಸೂ ಹೋಯಿತು, ಮೂರೂ ಒಟ್ಟಿಗೆ. ಉಳಿದದ್ದು ರೇಷನ್ ಅಕ್ಕಿ. 2024ರಲ್ಲಿ ಸರಕಾರ ಇಂಥವರ ಕೇರಿಗಳಿಗಿದ್ದ ಕಾಲನಿ ಅನ್ನುವ ಪದವನ್ನೇ ತೆಗೆದುಹಾಕಿತು, ಆ ಪದದಲ್ಲಿ ಅವಮಾನ ಇದೆ ಅಂತ. ಒಳ್ಳೆಯದೇ. ಬೋರ್ಡು ಬದಲಾದ ಮನೆಯ ಬಟ್ಟಲು ಬದಲಾಯಿತಾ ಅಂತಲೂ ಯಾರಾದರೂ ನೋಡಬೇಕು. ಪಾಲಕ್ಕಾಡಿನ ಅಟ್ಟಪ್ಪಾಡಿಯಲ್ಲಿ 2013ರಲ್ಲಿ ಬುಡಕಟ್ಟು ಮನೆಗಳ ಶಿಶುಗಳು ಒಂದರ ಹಿಂದೆ ಒಂದು ಸತ್ತದ್ದು ನೆನಪಿರಬಹುದು. ರಾಗಿ, ಸಾಮೆ, ತೊಗರಿ ಬೆಳೆದು ತಿನ್ನುತ್ತಿದ್ದ ಜನ ಭೂಮಿ ಕಳೆದುಕೊಂಡು ರೇಷನ್ ಅಕ್ಕಿಗೆ ಬಂದಿದ್ದರು. ಇದೂ ಕೇರಳವೇ.

ಪುಕ್ಕಟೆ ಅಕ್ಕಿ ಮನೆಗೆ ಬರುವುದೂ ಅಷ್ಟು ಸುಲಭ ಅಂತ ತಿಳಿಯಬೇಡಿ. ನಾನು ಕಂಡ ಒಬ್ಬ ಅಜ್ಜಿಗೆ ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಯೇ ಸವೆದುಹೋಗಿತ್ತು. ರೇಷನ್ ಅಂಗಡಿಯ ಯಂತ್ರ ಅವರನ್ನು ಗುರುತು ಹಿಡಿಯಲಿಲ್ಲ. ಊರಿನವರೆಲ್ಲ ಗುರುತು ಹಿಡಿಯುವ ಅಜ್ಜಿ! ಮೂರು ಸಲ ಹೋಗಿ ಬಂದ ಆಟೋ ಬಾಡಿಗೆಯಲ್ಲಿ ಅಂಗಡಿಯಿಂದಲೇ ಅಕ್ಕಿ ತರಬಹುದಿತ್ತು. ಇನ್ನು 2020ರ ಮಾರ್ಚ್, ಕೊರೊನಾ ಕಾಲ. ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಅದು ಪೇಪರಿನಲ್ಲಿ ಬಂತು. ತರಕಾರಿ ಗಾಡಿ ನಿಂತು ಎಷ್ಟು ಮನೆಗಳಲ್ಲಿ ಬರೀ ಗಂಜಿ-ಉಪ್ಪಿನಕಾಯಿ ನಡೆಯಿತು ಅನ್ನುವುದು ಪೇಪರಿನಲ್ಲಿ ಬರಲಿಲ್ಲ. ಹೆಂಗಸರ ಸ್ವಸಹಾಯ ಸಂಘಗಳ ಕೂಟ ಕುಟುಂಬಶ್ರೀಯವರ ಸಮುದಾಯ ಅಡುಗೆಮನೆ ಆಗ ಎಷ್ಟೋ ಮನೆಗಳನ್ನು ಕಾಯಿತು.

ಊಟಕ್ಕೂ ರೋಗಕ್ಕೂ ಇಷ್ಟು ಹತ್ತಿರದ ಸಂಬಂಧ ಇದೆಯಾ ಅಂತ ಅನುಮಾನ ಇರುವವರಿಗೆ ಪಕ್ಕದ ದೇರಳಕಟ್ಟೆಯ ಉದಾಹರಣೆ ಕೊಡುತ್ತೇನೆ. ಅಲ್ಲಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. 2023ರಲ್ಲಿ ಪ್ರಕಟವಾಯಿತು. ಟಿಬಿ ರೋಗಿ ಇರುವ ಮನೆಯಲ್ಲಿ ಉಳಿದವರಿಗೂ ಬರುವ ಅಪಾಯ ಇದೆ ಅಲ್ವಾ? ಅರ್ಧದಷ್ಟು ಕಡೆ ರೋಗಿಗೆ ಮಾತ್ರ ಆಹಾರದ ಕಿಟ್ ಕೊಟ್ಟರು. ಇನ್ನರ್ಧ ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಹೊಸ ಔಷಧಿ ಏನೂ ಇಲ್ಲ. ಮನೆಯವರಿಗೂ ಕೊಟ್ಟ ಕಡೆ ಹೊಸದಾಗಿ ಟಿಬಿ ಬರುವುದು ಶೇ. 39 ಕಡಿಮೆಯಾಯಿತು. ಒಬ್ಬರಿಂದ ಒಬ್ಬರಿಗೆ ಹರಡುವ ಶ್ವಾಸಕೋಶದ ಟಿಬಿ ಶೇ. 48 ಕಡಿಮೆ. ಒಂದೂವರೆ ಕಿಲೋ ಬೇಳೆ! ಇಷ್ಟು ಕೆಲಸ ಮಾಡುವ ಲಸಿಕೆಯನ್ನು ಯಾರಾದರೂ ಕಂಡುಹಿಡಿದಿದ್ದರೆ ಟಿವಿಯಲ್ಲಿ ವಾರವಿಡೀ ಅದೇ ಸುದ್ದಿ ಇರುತ್ತಿತ್ತು. ಟಿಬಿ ರೋಗಿಗೆ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ನಿಮ್ಮ ನೆರೆಯಲ್ಲಿ ರೋಗಿ ಇದ್ದರೆ ಬ್ಯಾಂಕ್ ಖಾತೆಗೆ ಬರುತ್ತಿದೆಯಾ ಅಂತ ವಿಚಾರಿಸಿ. ನಾಚಿಕೆಯಿಂದ ಕೇಳದವರು ಬಹಳ.

ಒಳ್ಳೆಯದೂ ನಮ್ಮ ಊರಿನಿಂದಲೇ ಹೊರಟಿದೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಅಮೃತಂ ಪುಡಿ ಎಲ್ಲರಿಗೂ ಗೊತ್ತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಸಿಗುವ ಪುಡಿ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ. ಇಡೀ ಕೇರಳದಲ್ಲಿ ಕುಟುಂಬಶ್ರೀ ಹೆಂಗಸರು ಇದನ್ನು ಹುಡಿ ಮಾಡಿ ಪ್ಯಾಕ್ ಮಾಡುತ್ತಾರೆ. ಅದರ ಪಾಕ ತಯಾರಾದದ್ದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ. ತೆಂಗಿನ ಸಂಶೋಧನೆ ಮಾಡುವ ಸಂಸ್ಥೆ ಮಕ್ಕಳ ಊಟವನ್ನೂ ಮಾಡಿತು. ಪುಡಿ ಚೆನ್ನಾಗಿದೆ, ಸಕ್ಕರೆ ಸ್ವಲ್ಪ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ಇರುವುದು ಪುಡಿ ಮನೆಗೆ ಹೋದ ಮೇಲೆ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಅಮ್ಮ ಒಂದಕ್ಕೆ ಮಾತ್ರ ಹೇಗೆ ಕೊಡುತ್ತಾಳೆ? ಉಂಡೆ ಕಟ್ಟಿ ಎಲ್ಲರೂ ತಿನ್ನುತ್ತಾರೆ. ಅಪ್ಪನೂ ತಿನ್ನುತ್ತಾನೆ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ರೇಷನ್ ಅಕ್ಕಿಯಲ್ಲೂ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸಲು ಶುರು ಮಾಡಿದ್ದರು, ನೂರಕ್ಕೆ ಒಂದರಂತೆ. ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳು, ನೋಡಲು ಸ್ವಲ್ಪ ಬೇರೆ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪಿನಲ್ಲಿ ಬಂತು. ಒಂದು ಮನೆಯ ಜಗಲಿಯಲ್ಲಿ ಅತ್ತೆ ಸೊಸೆ ಗೆರಸಿ ಹಿಡಿದು ಕೂತು ಆ ಕಾಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಕೋಳಿಗೆ ಹಾಕುತ್ತಿದ್ದರು. ನನಗೆ ಜಾವಾದ ಕೋಳಿ ನೆನಪಾಯಿತು. ಈ ಕಾಳಿನಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವವಳಲ್ಲ. ಬಿಳಿ ಬಟ್ಟಲಿಗೆ ಬಣ್ಣ ಬಳಿದ ಹಾಗೆ ಅದು. ಒಂದು ಮುಷ್ಟಿ ಹೆಸರು, ಒಂದು ಮೊಟ್ಟೆ, ಒಂದು ಹಿಡಿ ನುಗ್ಗೆ ಸೊಪ್ಪಿನ ಬದಲಿಗೆ ನಿಲ್ಲುವುದಿಲ್ಲ. ಆದರೂ ಸಿಕ್ಕಿದರೆ ಹೆಕ್ಕಿ ಬಿಸಾಡಬೇಡಿ.

ಹಿಂದಿನ ಸಾಲಿನ ತಮ್ಮ ಕೇಳಿದರು, ಅಂಗನವಾಡಿಯಲ್ಲಿ ಬಿರಿಯಾನಿ ಕೊಡುತ್ತಾರಂತೆ ನಿಜವಾ ಅಂತ. ನಿಜ. ಒಬ್ಬ ಪುಟ್ಟ ಹುಡುಗ ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಅಂದದ್ದು ಮೊಬೈಲಿನಲ್ಲೆಲ್ಲ ಓಡಾಡಿತು. 2025ರಲ್ಲಿ ಸರಕಾರ ಮೆನು ಬದಲಾಯಿಸಿ ಮೊಟ್ಟೆ ಬಿರಿಯಾನಿ ಸೇರಿಸಿತು. ಅದಕ್ಕೂ ಮೊದಲು, 2022ರಲ್ಲೇ ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಶುರುವಾಗಿತ್ತು. ನಾನು ಮೂವತ್ತು ವರ್ಷ ಬರೆದ ರಿಪೋರ್ಟಿಗಿಂತ ಆ ಹುಡುಗನ ಒಂದು ಮಾತು ಜಾಸ್ತಿ ಕೆಲಸ ಮಾಡಿತು. ಮೊಟ್ಟೆ ತಿನ್ನದ ಮನೆಯವರು ನನ್ನ ಮೇಲೆ ಕೋಪ ಮಾಡಬೇಡಿ. ನಿಮ್ಮ ಮಗುವಿಗೆ ಹಾಲು, ಬೇಳೆ ಕೊಡಿ, ಪಕ್ಕದ ಮಗುವಿನ ಮೊಟ್ಟೆ ನಿಲ್ಲಿಸಲು ಅರ್ಜಿ ಬರೆಯಬೇಡಿ, ಅಷ್ಟು ಸಾಕು.

ಅದೇ ತಮ್ಮ ಇನ್ನೊಂದು ಕೇಳಿದರು, ಗ್ರಂಥಾಲಯದವರು ಏನು ಮಾಡಬಹುದು ಅಂತ. ನಿಮ್ಮ ಹತ್ತಿರ ಜಾಗ ಇದೆ, ಕನ್ನಡ ಬರೆಯಲು ಬರುವವರು ಇದ್ದಾರೆ. ಅಂಗನವಾಡಿ, ಆಸ್ಪತ್ರೆಯಿಂದ ಬರುವ ಪ್ರತಿ ಚೀಟಿಯನ್ನೂ ಕನ್ನಡದಲ್ಲಿ ಬರೆದು ಇಲ್ಲಿ ಗೋಡೆಗೆ ಅಂಟಿಸಿ. ಬೆರಳಚ್ಚು ಬಾರದ ಅಜ್ಜಂದಿರ ಪಟ್ಟಿ ಮಾಡಿ ಪಂಚಾಯತಿಗೆ ಕೊಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಟೀಚರ್ ಒಬ್ಬರೇ ಇರುತ್ತಾರೆ. ಮಗು ಅಳುತ್ತದೆ, ತಕ್ಕಡಿ ಅಲ್ಲಾಡುತ್ತದೆ, ಮೊಬೈಲಿನಲ್ಲಿ ತುಂಬಿಸಬೇಕು, ಅಡುಗೆ ಒಲೆಯ ಮೇಲಿದೆ. ಇಬ್ಬರು ಹೋಗಿ ಕೂತರೆ ಲೆಕ್ಕ ಸರಿ ಬರುತ್ತದೆ. ಲೆಕ್ಕ ಸರಿ ಬಂದರೆ ಹಳದಿ ಮಗು ಯಾವುದು ಅಂತ ಗೊತ್ತಾಗುತ್ತದೆ. ಈ ವಾರವೇ ಇದೆ, ನಾಡಿದ್ದು ಬೆಳಗ್ಗೆ ಹತ್ತಕ್ಕೆ, ನಾನೂ ಬರುತ್ತೇನೆ.

ಆ ಟೇಪು ಈಗ ಯಾರ ಕೈಯಲ್ಲಿದೆ? ಮರೆತು ಜೇಬಿಗೆ ಹಾಕಿಕೊಳ್ಳಬೇಡಿ, ನನ್ನ ಹತ್ತಿರ ಇರುವುದು ಅದೊಂದೇ.